ಕ್ರೆಡಿಟ್ ದಿ ಗಿವರ್: ಆನೆಗಳ ನಡುವೆ ನಿಂತ ಡೊವಿಮಾ

ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ನಿಂತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ನಿದ್ದೆ ಬರದೆ ಮಗ್ಗುಲು ಬದಲಿಸ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ಸಂಚಿಕೆ ಶುರುವಾಗೋದು ನ್ಯೂಯಾರ್ಕಿನಲ್ಲೂ ಅಲ್ಲ, ಪ್ಯಾರಿಸ್ಸಿನಲ್ಲೂ ಅಲ್ಲ. ನನ್ನ ಫೋನಿಗೆ ಬಂದ ಒಂದು ವಾಟ್ಸಾಪ್ ಮೆಸೇಜಿನಿಂದ.

ನನ್ನ ಗೆಳತಿಯೊಬ್ಬಳು ಇಳಕಲ್ ಸೀರೆಗಳ ಸಣ್ಣ ಬ್ರ್ಯಾಂಡ್ ಶುರು ಮಾಡಿದ್ದಾಳೆ. ಹೋದ ವರ್ಷ ಒಂದು ವೆಬ್ ಮ್ಯಾಗಜೀನ್ ಆ ಸೀರೆಗಳನ್ನಿಟ್ಟುಕೊಂಡು ಒಂದು ಫೋಟೋ ಸ್ಟೋರಿ ಮಾಡೋಣ ಅಂತ ಕೇಳಿತು. ಟೀಮ್ ಕಟ್ಟಿ, ಶೂಟ್ ನಡೆಸೋ ಜವಾಬ್ದಾರಿ ನನ್ನ ಹೆಗಲಿಗೆ ಬಿತ್ತು. ಯಾಕಂದ್ರೆ ನನಗೆ ಎಕ್ಸೆಲ್ ಶೀಟ್ ಮಾಡೋಕೆ ಬರುತ್ತೆ. ಕ್ಯಾಮೆರಾ ಹಿಡಿಯೋಕೆ ಬರಲ್ಲ, ಲೈಟಿಂಗ್ ಗೊತ್ತಿಲ್ಲ, ಸೀರೆ ನೆರಿಗೆ ಹಿಡಿಯೋದೂ ಅಷ್ಟಕ್ಕಷ್ಟೆ. ಆದ್ರೂ ಆ ದಿನ ನಾನೇ 'ಕ್ರಿಯೇಟಿವ್ ಡೈರೆಕ್ಟರ್'. ಬಸವನಗುಡಿಯ ಒಂದು ಹಳೇ ಮನೆಯ ಜಗಲಿ, ಬೆಳಗಿನ ಬಿಸಿಲು, ಒಟ್ಟು ಆರು ಜನ. ಫೋಟೋಗಳು ಚೆನ್ನಾಗಿ ಬಂದವು. ಮ್ಯಾಗಜೀನಿನಲ್ಲಿ ಬಂತು, ಸಾಕಷ್ಟು ಜನ ಶೇರ್ ಮಾಡಿದ್ರು. ಅವತ್ತು ರಾತ್ರಿ ಮೇಕಪ್ ಮಾಡಿದ್ದ ಹುಡುಗಿಯ ಮೆಸೇಜು ಬಂತು: "ಅಕ್ಕಾ, ನನ್ನ ಹೆಸರು ಮರ್ತುಹೋಯ್ತಾ?"

ಅಷ್ಟೇ. ಸಿಟ್ಟಿಲ್ಲ, ಜಗಳ ಇಲ್ಲ. ಕೆಂಗೇರಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬಂದವಳು ಅವಳು. ಮಾಡೆಲ್ ಬೆವರಿದಾಗಲೆಲ್ಲ ಒರೆಸಿ ಮತ್ತೆ ಸರಿಮಾಡಿದವಳು. ನಾನು ಮ್ಯಾಗಜೀನಿಗೆ ಕಳಿಸಿದ ಮೇಲ್‌ನಲ್ಲಿ ನನ್ನ ಹೆಸರಿತ್ತು, ಫೋಟೋಗ್ರಾಫರ್ ಹೆಸರಿತ್ತು, ಮಾಡೆಲ್ ಹೆಸರಿತ್ತು. ಅವಳ ಹೆಸರು ಇರಲಿಲ್ಲ. ತಪ್ಪು ಪೂರ್ತಿ ನನ್ನದೇ.

ನಾನು ಬಿ.ಕಾಂ ಓದಿದವಳು. ಪಿಯುಸಿಯಲ್ಲಿ ಅಕೌಂಟೆನ್ಸಿ ತಗೊಂಡ ಎಲ್ಲರಿಗೂ ಬಾಯಿಪಾಠ ಆಗಿರೋ ಮೂರು ಸೂತ್ರಗಳಿವೆ. ಅದರಲ್ಲಿ ಒಂದು: ಡೆಬಿಟ್ ದಿ ರಿಸೀವರ್, ಕ್ರೆಡಿಟ್ ದಿ ಗಿವರ್. ಪಡೆದವರ ಖಾತೆಗೆ ಖರ್ಚು ಬರಿ, ಕೊಟ್ಟವರ ಖಾತೆಗೆ ಜಮಾ ಬರಿ. ಆ ರಾತ್ರಿ ನನಗೆ ತಲೆಗೆ ಹತ್ತಿದ್ದು ಇದು: ಲೆಕ್ಕದ ಪುಸ್ತಕದಲ್ಲೂ 'ಕ್ರೆಡಿಟ್' ಅನ್ನೋ ಪದ ಇದೆ, ಫೋಟೋ ಕೆಳಗಿನ ಪುಟ್ಟ ಅಕ್ಷರದ ಸಾಲಿಗೂ 'ಕ್ರೆಡಿಟ್' ಅಂತಾನೇ ಹೆಸರು. ಹಾಗಾದ್ರೆ ಫ್ಯಾಷನ್ ಫೋಟೋಗಳ ಚರಿತ್ರೆಯಲ್ಲಿ ಈ ಲೆಕ್ಕ ಯಾರು ಹೇಗೆ ಬರೆದ್ರು? ಶೂಟ್ ಲೀಡ್ ಮಾಡೋದು ಅಂದ್ರೆ ನಿಜಕ್ಕೂ ಏನು? ಅದನ್ನ ಹುಡುಕ್ತಾ ಹೋದೆ. ಸಿಕ್ಕಿದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಚಳಿಯಲ್ಲೊಂದು ಈಜುಡುಗೆ

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ಪತ್ರಿಕೆಯಲ್ಲಿ ಎರಡು ಥರದ ಬಟ್ಟೆ ಫೋಟೋ ಬರುತ್ತೆ. ಒಂದು ಜಾಹೀರಾತು. ಅದಕ್ಕೆ ಕಂಪನಿ ದುಡ್ಡು ಕೊಡುತ್ತೆ. ಇನ್ನೊಂದು ಎಡಿಟೋರಿಯಲ್. ಅದು ಪತ್ರಿಕೆಯದೇ ಪುಟ. ಡಿಸೈನರ್ ಹತ್ರ ಬಟ್ಟೆ ಎರವಲು ತಂದು, ಏಳೆಂಟು ಪುಟಗಳಲ್ಲಿ ಒಂದು ಕಥೆ ಹೇಳೋ ಹಾಗೆ ಫೋಟೋ ತೆಗೆದು, ಬಟ್ಟೆ ವಾಪಸ್ ಕಳಿಸ್ತಾರೆ. ಇಲ್ಲಿ ಕೇಳೋ ಗ್ರಾಹಕ ಇಲ್ಲ. ಹಾಗಾಗಿ "ಏನು ತೆಗೀಬೇಕು?" ಅನ್ನೋದನ್ನ ಒಳಗಿನವರೇ ಯಾರೋ ಒಬ್ಬರು ತೀರ್ಮಾನಿಸಬೇಕು. ಲೀಡರ್ ಹುಟ್ಟೋದು ಅಲ್ಲಿ.

ಆ ಒಬ್ಬರ ಹೆಸರು ಕಾರ್ಮೆಲ್ ಸ್ನೋ. ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಮಹಿಳೆ. 'ವೋಗ್' ಪತ್ರಿಕೆಯಲ್ಲಿ ಪಳಗಿ, 1932ರಲ್ಲಿ ಎದುರಾಳಿ ಪತ್ರಿಕೆ 'ಹಾರ್ಪರ್ಸ್ ಬಜಾರ್' ಸೇರಿದ್ರು. ವೋಗ್ ಮಾಲೀಕ ಕಾಂಡೆ ನಾಸ್ಟ್‌ಗೆ ಅದೆಷ್ಟು ನೋವಾಯ್ತು ಅಂದ್ರೆ, ಆಮೇಲೆ ಅವರ ಜೊತೆ ಮಾತೇ ಬಿಟ್ಟರಂತೆ. ನಮ್ಮೂರಲ್ಲಿ ಒಂದು ಹೋಟೆಲ್ ಭಟ್ಟರು ಎದುರು ಹೋಟೆಲ್ ಸೇರಿದ ಹಾಗೆ.

ಆ ಕಾಲದ ಫ್ಯಾಷನ್ ಫೋಟೋ ಅಂದ್ರೆ ಹೀಗಿರ್ತಿತ್ತು: ಸ್ಟುಡಿಯೋ, ಹಿಂದೆ ಬಣ್ಣ ಬಳಿದ ಪರದೆ, ಮುಂದೆ ಗೊಂಬೆ ಥರ ನಿಂತ ಹೆಂಗಸು. ಅಲುಗಾಡೋ ಹಾಗಿಲ್ಲ. 1933ರ ಕೊನೆಯಲ್ಲಿ ಈಜುಡುಗೆಯ ಪುಟಗಳು ಇದೇ ರೀತಿ ಸ್ಟುಡಿಯೋದಲ್ಲಿ ಮುಗಿದುಹೋಗಿದ್ದವು. ಸ್ನೋಗೆ ತೃಪ್ತಿಯಾಗಲಿಲ್ಲ. ಸಮುದ್ರದ ಬಟ್ಟೆಗೆ ಬಣ್ಣದ ಪರದೆ ಯಾಕೆ? ಅದೇ ಹೊತ್ತಿಗೆ ಮಾರ್ಟಿನ್ ಮುಂಕಾಚಿ ಅನ್ನೋ ಹಂಗೇರಿಯ ಫೋಟೋಗ್ರಾಫರ್ ನ್ಯೂಯಾರ್ಕಿಗೆ ಬಂದಿದ್ದ. ಫ್ಯಾಷನ್ ಅವನ ಕ್ಷೇತ್ರವೇ ಅಲ್ಲ. ಅವನು ಕ್ರೀಡಾ ಛಾಯಾಗ್ರಾಹಕ. ಫುಟ್ಬಾಲ್, ಮೋಟಾರ್ ಸೈಕಲ್ ರೇಸು, ಓಡೋದು, ಹಾರೋದು. ಸ್ನೋ ಅವನನ್ನೇ ಕರೆದುಕೊಂಡು ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡ್ ಕಡಲ ತೀರಕ್ಕೆ ಹೊರಟ್ರು. ಎಲ್ಲ ಮತ್ತೆ ತೆಗೆಯೋದು ಅಂತ.

ಊಹಿಸಿಕೊಳ್ಳಿ. ಚಳಿಗಾಲದ ಬಾಗಿಲು. ಮೋಡ ಮುಸುಕಿದ ದಿನ. ಮಾಡೆಲ್ ಲೂಸಿಲ್ ಬ್ರೋಕಾ ಈಜುಡುಗೆಯಲ್ಲಿ ನಡುಗ್ತಾ ನಿಂತಿದ್ದಾಳೆ. ಫೋಟೋಗ್ರಾಫರ್‌ಗೆ ಇಂಗ್ಲಿಷ್ ಹೆಚ್ಚುಕಮ್ಮಿ ಬರಲ್ಲ. ಅವನು ಕೈ ಬೀಸ್ತಾನೆ, ಸನ್ನೆ ಮಾಡ್ತಾನೆ. ಅವನು ಕೇಳ್ತಿರೋದು ಏನು ಅಂತ ಅಲ್ಲಿದ್ದವರಿಗೆ ಅರ್ಥವಾಗೋಕೆ ಸ್ವಲ್ಪ ಹೊತ್ತಾಯ್ತು. ಓಡು ಅಂತಿದ್ದಾನೆ! ಕ್ಯಾಮೆರಾ ಕಡೆಗೇ ಓಡಿ ಬಾ ಅಂತಿದ್ದಾನೆ! ಅದುವರೆಗೆ ಫ್ಯಾಷನ್ ಶೂಟ್‌ನಲ್ಲಿ ಯಾರೂ ಮಾಡೆಲ್‌ಗೆ ಹಾಗೆ ಹೇಳ್ತಿರಲಿಲ್ಲ. ಬ್ರೋಕಾ ಓಡಿದಳು. ಹೆಗಲ ಮೇಲಿನ ಕೇಪು ಹಿಂದೆ ಗಾಳಿಗೆ ಹಾರಿತು. ಕ್ಲಿಕ್.

1933ರ ಡಿಸೆಂಬರ್ ಸಂಚಿಕೆಯಲ್ಲಿ ಆ ಫೋಟೋ ಬಂತು. ಇವತ್ತು ನೀವು ರೀಲ್ಸ್‌ನಲ್ಲಿ ನೋಡೋ, ಗದ್ದೆಯಲ್ಲೋ ಕಡಲಲ್ಲೋ ದುಪಟ್ಟಾ ಹಾರಿಸ್ತಾ ಓಡೋ ಪ್ರತಿ ಹುಡುಗಿಯ ಮುತ್ತಜ್ಜಿ ಆ ಫೋಟೋ.

ಇಲ್ಲಿ ಲೀಡರ್ ಮಾಡಿದ್ದೇನು? ಕ್ಯಾಮೆರಾ ಮುಟ್ಟಲಿಲ್ಲ. ಪೋಸ್ ಹೇಳಿಕೊಡಲಿಲ್ಲ. ಮಾಡಿದ್ದು ಮೂರೇ ಕೆಲಸ. ಮುಗಿದ ಕೆಲಸವನ್ನ ಸಾಲದು ಅಂದಿದ್ದು ಒಂದು. ಆ ಕೆಲಸಕ್ಕೆ ಯಾರೂ ಊಹಿಸದ ಮನುಷ್ಯನನ್ನ ಆರಿಸಿದ್ದು ಎರಡು. ಅವನು ಕೈ ಬೀಸಿದಾಗ, ಅರ್ಥವಾಗದೇ ಇದ್ರೂ, ನಡುವೆ ಬಾಯಿ ಹಾಕದೇ ಇದ್ದದ್ದು ಮೂರು. ಫೋಟೋ ಕೆಟ್ಟಿದ್ರೆ? ಎರಡು ಸಲ ಖರ್ಚು ಮಾಡಿಸಿದ ಬಿಲ್ಲು ಯಾರ ಹೆಸರಿಗೆ ಬರ್ತಿತ್ತು? ಸ್ನೋ ಹೆಸರಿಗೆ. ಡೆಬಿಟ್ ಕಾಲಮ್ಮಿನಲ್ಲಿ ಅವರ ಹೆಸರಿತ್ತು. ಕ್ರೆಡಿಟ್ ಕಾಲಮ್ಮಿನಲ್ಲಿ ಮುಂಕಾಚಿ ಹೆಸರಿತ್ತು.

ಅದು ನೋಡಿ, ನನಗೆ ಮೊದಲ ಏಟು.

ಅಂಗಳ ಕಟ್ಟಿದವರು

1934ರಲ್ಲಿ ಸ್ನೋ ಪತ್ರಿಕೆಯ ಸಂಪಾದಕಿಯಾದ್ರು. ಅದೇ ವರ್ಷ ಒಂದು ವಿನ್ಯಾಸ ಪ್ರದರ್ಶನಕ್ಕೆ ಹೋಗಿದ್ದಾಗ, ಅಲ್ಲಿನ ಕೆಲಸ ನೋಡಿ ಅದನ್ನ ಮಾಡಿದವನನ್ನ ಹುಡುಕಿ ಕೆಲಸಕ್ಕೆ ತಗೊಂಡ್ರು. ಅವನ ಹೆಸರು ಅಲೆಕ್ಸಿ ಬ್ರೊಡೊವಿಚ್. ರಷ್ಯಾ ಬಿಟ್ಟು ಓಡಿಬಂದ ಸೈನಿಕ, ಪ್ಯಾರಿಸ್ಸಿನಲ್ಲಿ ನಾಟಕದ ಪರದೆಗೆ ಬಣ್ಣ ಬಳಿದು ಹೊಟ್ಟೆ ಹೊರೆದವನು. 1958ರವರೆಗೆ ಬಜಾರ್‌ನ ಆರ್ಟ್ ಡೈರೆಕ್ಟರ್.

ಎರಡು ವರ್ಷ ಆದ್ಮೇಲೆ, 1936ರಲ್ಲಿ, ಡಯಾನಾ ವ್ರೀಲ್ಯಾಂಡ್ ಬಂದ್ರು. ಒಂದು ಹೋಟೆಲ್ಲಿನಲ್ಲಿ ಡ್ಯಾನ್ಸ್ ಮಾಡ್ತಿದ್ದ ಆಕೆಯ ಉಡುಗೆ ನೋಡಿ ಸ್ನೋ ಕೆಲಸ ಕೊಟ್ಟಿದ್ದು ಅನ್ನೋದು ಪ್ರಸಿದ್ಧ ಕಥೆ. ಆಕೆ ಫ್ಯಾಷನ್ ಎಡಿಟರ್. ಯಾವ ಉಡುಗೆ, ಯಾವ ಕಿವಿಯೋಲೆ, ಯಾವ ಮುಖ ಅಂತ ನೋಡೋ ಕೆಲಸ. 18 ವರ್ಷದ ಒಬ್ಬ ಹುಡುಗಿಯನ್ನ ವ್ರೀಲ್ಯಾಂಡ್ ಗುರುತಿಸಿ ಲೂಯಿಸ್ ಡಾಲ್ ವೂಲ್ಫ್ ಅನ್ನೋ ಫೋಟೋಗ್ರಾಫರ್ ಮುಂದೆ ನಿಲ್ಲಿಸಿದ್ರು. ರೆಡ್ ಕ್ರಾಸ್ ರಕ್ತದಾನ ಕೋಣೆಯ ಬಾಗಿಲ ಮುಂದೆ ನಿಂತ ಆ ಮುಖ 1943ರ ಮಾರ್ಚ್ ಸಂಚಿಕೆಯ ಮುಖಪುಟ. ಅದನ್ನ ನೋಡಿ ಹಾಲಿವುಡ್ ಕರೆ ಕಳಿಸಿತು. ಅವಳೇ ಲಾರೆನ್ ಬಕಾಲ್.

ಹೀಗೆ ಮೂವರು. ಸ್ನೋ ಹೂಂ ಅನ್ನೋಳು, ವ್ರೀಲ್ಯಾಂಡ್ ಕನಸು ಕಾಣೋಳು, ಬ್ರೊಡೊವಿಚ್ ಪುಟಕ್ಕೆ ಇಳಿಸೋನು. ಇವತ್ತಿನ ಯಾವುದೇ ಶೂಟ್‌ನ ಕಾಲ್ ಶೀಟ್ ತೆಗೆದು ನೋಡಿ, ಈ ಮೂರು ಕುರ್ಚಿ ಇದ್ದೇ ಇರ್ತವೆ. ಕೂರೋರು ಮಾತ್ರ ಬೇರೆ. ಕಡಿಮೆ ಬಜೆಟ್ ಆದ್ರೆ ಮೂರೂ ಕುರ್ಚಿಯಲ್ಲಿ ಒಬ್ಬಳೇ ಕೂತಿರ್ತಾಳೆ, ನನ್ನ ಥರ, ಕೈಯಲ್ಲೊಂದು ಸೇಫ್ಟಿ ಪಿನ್ ಡಬ್ಬಿ ಹಿಡ್ಕೊಂಡು.

ಬ್ರೊಡೊವಿಚ್ ಕೆಲಸದ ಜೊತೆಗೆ ಪಾಠನೂ ಮಾಡ್ತಿದ್ದ. ಅವನ ಕ್ಲಾಸಿನ ಹೆಸರು 'ಡಿಸೈನ್ ಲ್ಯಾಬೊರೇಟರಿ'. ಹೊಗಳೋದು ಕಡಿಮೆ. ನನ್ನನ್ನ ಬೆರಗುಗೊಳಿಸು ಅನ್ನೋದು ಅವನ ಬೇಡಿಕೆ. ಆ ಮಾತನ್ನ ಅವನು ಪ್ಯಾರಿಸ್ಸಿನಲ್ಲಿ ಬ್ಯಾಲೆ ತಂಡ ನಡೆಸ್ತಿದ್ದ ದಿಯಾಗಿಲೆವ್‌ನಿಂದ ತಂದಿದ್ದ. ಈ ಕ್ಲಾಸಿಗೆ ಬಂದು ಕೂತ ಒಬ್ಬ ಯುವಕ ರಿಚರ್ಡ್ ಅವೆಡಾನ್. ಯುದ್ಧಕಾಲದಲ್ಲಿ ಹಡಗು ನೌಕರರ ಗುರುತಿನ ಚೀಟಿಗೆ ಸಾಲುಸಾಲು ಮುಖಗಳ ಫೋಟೋ ತೆಗೆದಿದ್ದವನು. ಅವನ ಬಾಲ್ಯದ ಹೀರೋ ಯಾರು ಗೊತ್ತಾ? ಮುಂಕಾಚಿ. ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿಗೇ ಬಜಾರ್‌ಗೆ ಫೋಟೋ ತೆಗೆಯೋಕೆ ಶುರು ಮಾಡಿದ.

ಈಗ ನಾವು ಆನೆಗಳ ಹತ್ರ ಬಂದ್ವಿ.

ಆ ಫೋಟೋದೊಳಗೆ ಎಷ್ಟು ಜನ

1955ರ ಆಗಸ್ಟ್, ಪ್ಯಾರಿಸ್. ಸರ್ಕ್ ದಿವೆರ್ ಅನ್ನೋ ಹಳೇ ಸರ್ಕಸ್ ಕಟ್ಟಡ. ಒಳಗೆ ಆನೆಗಳು, ಮೇಲೆ ದೊಡ್ಡ ಗಾಜಿನ ಚಾವಣಿಯಿಂದ ಬೀಳೋ ಬೆಳಕು. ಅವೆಡಾನ್ ಅದನ್ನ ನೋಡಿದ ಕೂಡಲೇ ಇಲ್ಲಿಗೆ ಒಂದು ಸರಿಯಾದ ಉಡುಗೆ ಬೇಕು ಅಂದುಕೊಂಡನಂತೆ. ಉಡುಗೆ ಸಿಕ್ಕಿತು. ಡಿಯೋರ್ ಸಂಸ್ಥೆಯ ಕಪ್ಪು ಸಂಜೆಯುಡುಗೆ, ಸೊಂಟದಿಂದ ಇಳಿದ ಉದ್ದದ ಬಿಳಿ ಪಟ್ಟಿ. ಅದನ್ನ ತೊಟ್ಟವಳು ಡೊವಿಮಾ.

ಫೋಟೋ ನೀವು ನೋಡಿರ್ತೀರಿ. ನೋಡಿಲ್ಲ ಅಂದ್ರೆ ಪಾಸ್ ಮಾಡಿ ಸರ್ಚ್ ಮಾಡಿ, ನಾನು ಕಾಯ್ತೀನಿ. ಸುಕ್ಕುಗಟ್ಟಿದ ಚರ್ಮದ ದೈತ್ಯಪ್ರಾಣಿಗಳ ನಡುವೆ ನುಣುಪಾದ ಬಟ್ಟೆಯ ಬಳ್ಳಿ ಥರದ ಹೆಣ್ಣು, ಕೈಗಳನ್ನ ಆನೆಗಳ ಕಡೆಗೆ ಚಾಚಿ, ಕುತ್ತಿಗೆ ತಿರುಗಿಸಿ ನಿಂತಿದ್ದಾಳೆ. ದಸರಾ ಆನೆಗಳನ್ನ ನೋಡಿ ಬೆಳೆದ ನಮಗೆ ಆನೆ ಹೊಸದಲ್ಲ. ಆದ್ರೆ ಒಂದು ಸಲ ಕೆಳಗೆ, ಆನೆಗಳ ಕಾಲು ನೋಡಿ. ಸರಪಳಿ. ಅಲ್ಲಿ ಸ್ವಂತ ಇಷ್ಟದಿಂದ ನಿಂತಿರದೇ ಇದ್ದೋರು ಅವು ಮಾತ್ರ.

ಈ ಫೋಟೋದ ಲೆಕ್ಕ ಬರೆಯೋಣ ಬನ್ನಿ. ಕೊಟ್ಟವರು ಯಾರ್ಯಾರು?

ಅವೆಡಾನ್ ಕಣ್ಣು ಕೊಟ್ಟ. ಬಜಾರ್ ಪುಟ ಕೊಟ್ಟಿತು, ಪ್ಯಾರಿಸ್ಸಿಗೆ ಕಳಿಸೋ ಖರ್ಚು ಕೊಟ್ಟಿತು. ಉಡುಗೆ ಯಾರು ಕೊಟ್ಟಿದ್ದು? ಡಿಯೋರ್ ಅಂತ ಬರೆದಿದೆ. ಆದ್ರೆ ಆ ಉಡುಗೆಯನ್ನ ವಿನ್ಯಾಸ ಮಾಡಿದ್ದು ಅದೇ ವರ್ಷ ಡಿಯೋರ್ ಸಂಸ್ಥೆಗೆ ಸಹಾಯಕನಾಗಿ ಸೇರಿದ್ದ 19 ವರ್ಷದ ಹುಡುಗ. ಅವನ ಹೆಸರು ಈವ್ ಸಾಂ ಲೊರಾಂ. ಹೌದು, ವೈಎಸ್ಎಲ್ ಅನ್ನೋ ಮೂರಕ್ಷರದ ಹಿಂದಿರೋ ಮನುಷ್ಯ. ಎರಡೇ ವರ್ಷದಲ್ಲಿ ಡಿಯೋರ್ ತೀರಿಕೊಂಡಾಗ, 21ರ ವಯಸ್ಸಿಗೆ ಇಡೀ ಸಂಸ್ಥೆಯ ವಿನ್ಯಾಸದ ಚುಕ್ಕಾಣಿ ಹಿಡಿದ. ಆದ್ರೆ 1955ರಲ್ಲಿ ಅವನು ಹೆಸರಿಲ್ಲದ ಕೈ.

ಇನ್ನು ಡೊವಿಮಾ. ಅದು ಅವಳ ಪೂರ್ತಿ ಹೆಸರಲ್ಲ. ಡೊರೊಥಿ, ವರ್ಜಿನಿಯಾ, ಮಾರ್ಗರೆಟ್. ಮೂರು ಹೆಸರಿನ ಮೊದಲ ಅಕ್ಷರಗಳನ್ನ ಕೂಡಿಸಿ ಮಾಡಿದ್ದು. ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ಸಾಧಾರಣ ಮನೆಯ ಹುಡುಗಿ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ವರ್ಷಗಟ್ಟಲೆ ಮನೆಯಲ್ಲೇ ಮಲಗಿದ್ದಳು. 1950ರ ದಶಕದಲ್ಲಿ ಅತಿ ಹೆಚ್ಚು ಸಂಭಾವನೆಯ ಮಾಡೆಲ್‌ಗಳಲ್ಲಿ ಒಬ್ಬಳಾದಳು. ಗಂಟೆಗೆ 60 ಡಾಲರ್, ಅಂದ್ರೆ ನಿಮಿಷಕ್ಕೊಂದು ಡಾಲರ್.

ಹಾಗಂತ ಸುಮ್ಮನೆ ಬಂದು ನಿಲ್ಲೋ ಕೆಲಸ ಅಂದುಕೋಬೇಡಿ. ಆ ಕಾಲದ ಮಾಡೆಲ್‌ಗಳು ಸಾಮಾನ್ಯವಾಗಿ ತಮ್ಮ ಮೇಕಪ್ಪನ್ನ ತಾವೇ ಮಾಡಿಕೊಳ್ತಿದ್ರು, ಕೂದಲನ್ನ ತಾವೇ ಕಟ್ಟಿಕೊಳ್ತಿದ್ರು. ಕೈಗವಸು, ಚಪ್ಪಲಿ, ಒಳಉಡುಪು, ಆಭರಣ ಎಲ್ಲ ತುಂಬಿದ ದೊಡ್ಡ ಚೀಲ ಹೊತ್ಕೊಂಡು ಬರ್ತಿದ್ರು. ಇಲ್ಲಿ ನನಗೆ ಕೆಂಗೇರಿಯ ಹುಡುಗಿ ನೆನಪಾದಳು. ಅವಳು ಮಾಡೋ ಕೆಲಸಕ್ಕೆ 1955ರ ಶೂಟ್‌ನಲ್ಲಿ ಪ್ರತ್ಯೇಕ ಕುರ್ಚಿಯೇ ಇರಲಿಲ್ಲ. ಅದು ಮಾಡೆಲ್‌ನ ಸಂಬಳದಲ್ಲೇ ಸೇರಿಹೋಗಿತ್ತು. ಅರವತ್ತರ ದಶಕದಲ್ಲಿ ಕಣ್ಣಿನ ಮೇಕಪ್ಪು, ಕೇಶಶೈಲಿ ಎರಡೂ ವಿಪರೀತ ಆದಾಗಲೇ ಆರಾ ಗ್ಯಾಲಂಟ್ ಥರದ ಕೇಶವಿನ್ಯಾಸಕಾರರು, ಪಾಬ್ಲೋ ಮಂಜೋನಿ ಥರದ ಮೇಕಪ್ ಕಲಾವಿದರು ತಂಡದೊಳಗೆ ಹೆಸರಿನ ಸಮೇತ ಬಂದಿದ್ದು. ಕ್ರೆಡಿಟ್ ಸಾಲು ಉದ್ದವಾಗಿದ್ದು ಯಾರೋ ಉದಾರವಾಗಿ ಕೊಟ್ಟಿದ್ದರಿಂದ ಅಲ್ಲ. ಆ ಕೆಲಸ ಇಲ್ಲದೆ ಫೋಟೋ ಆಗಲ್ಲ ಅಂತ ಗೊತ್ತಾದ ಮೇಲೆ.

ಫೋಟೋ ಬಂದಿದ್ದು 1955ರ ಸೆಪ್ಟೆಂಬರ್ ಸಂಚಿಕೆಯಲ್ಲಿ. ಈಗ ಲೀಡರ್ ಬಗ್ಗೆ ಒಂದು ಮಾತು. ಜಗತ್ತೇ ಹೊಗಳಿದ ಈ ಫೋಟೋ ಅವೆಡಾನ್‌ಗೆ ಕೊನೆವರೆಗೂ ಚುಚ್ಚುತ್ತಿತ್ತು. ಯಾಕೆ? ಆ ಬಿಳಿ ಪಟ್ಟಿ. ಅದು ಪಕ್ಕದ ಆನೆಯ ಕಾಲಿನ ರೇಖೆಯನ್ನೇ ಅನುಸರಿಸೋ ಹಾಗೆ ಬೀಳಬೇಕಿತ್ತು, ಬೀಳಲಿಲ್ಲ ಅಂತ. ಗಮನಿಸಿ, ಆ ಕೊರತೆಯನ್ನ ಅವನು ಡೊವಿಮಾ ತಲೆಗೂ ಕಟ್ಟಲಿಲ್ಲ, ಪಟ್ಟಿ ಸರಿಮಾಡಬೇಕಿದ್ದ ಯಾವ ಸಹಾಯಕರ ತಲೆಗೂ ಕಟ್ಟಲಿಲ್ಲ. ತಾನು ಕಾಣಲಿಲ್ಲ ಅಂದ.

ನಾನೇನು ಮಾಡಿದ್ದೆ ಗೊತ್ತಾ ನಮ್ಮ ಶೂಟ್‌ನಲ್ಲಿ? ಮಧ್ಯಾಹ್ನ ಒಂದು ಫ್ರೇಮ್‌ನಲ್ಲಿ ಸೆರಗು ತಿರುಗಿಕೊಂಡಿತ್ತು. "ಯಾರೂ ನೋಡ್ಲಿಲ್ವಾ ಇದನ್ನ?" ಅಂತ ಎಲ್ಲರ ಮುಂದೆ ಕೂಗಿದ್ದೆ. ನೋಡಬೇಕಿದ್ದವಳು ನಾನೇ.

ಹೆಸರು ಒತ್ತೆ ಇಡೋದು

ಅವೆಡಾನ್ ದೇವರೇನಲ್ಲ. ಆದ್ರೆ ಅವನದೊಂದು ಕೆಲಸ ಹೇಳಲೇಬೇಕು. 1950ರ ದಶಕದ ಕೊನೆಯಲ್ಲಿ ಚೀನಾ ಮಚಾದೋ ಅನ್ನೋ ಮಾಡೆಲ್‌ನ ಫೋಟೋ ತೆಗೆದ. ಶಾಂಘೈನಲ್ಲಿ ಹುಟ್ಟಿದವಳು, ಬಿಳಿಯಳಲ್ಲ. ಅಮೆರಿಕದ ದೊಡ್ಡ ಫ್ಯಾಷನ್ ಪತ್ರಿಕೆಗಳಲ್ಲಿ ಆಗ ಬಿಳಿಯರಲ್ಲದ ಮುಖ ಅಚ್ಚಾಗ್ತಿರಲಿಲ್ಲ. ಪತ್ರಿಕೆಯ ಆಡಳಿತದಿಂದ ವಿರೋಧ ಬಂತು. ಫೋಟೋ ಹಾಕದಿದ್ರೆ ನನ್ನ ಕರಾರನ್ನ ಮುಂದುವರಿಸಲ್ಲ ಅಂದ ಅವೆಡಾನ್. 1959ರ ಫೆಬ್ರವರಿ ಸಂಚಿಕೆಯಲ್ಲಿ ಫೋಟೋ ಬಂತು. ಅವನು ತನ್ನ ಕೆಲಸವನ್ನೇ ಪಣಕ್ಕಿಟ್ಟಿದ್ದ ಅನ್ನೋದು ಮಚಾದೋಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಮಾಡಿದ ಉಪಕಾರವನ್ನ ಅವತ್ತೇ ಸ್ಟೋರಿ ಹಾಕಿ ಟ್ಯಾಗ್ ಮಾಡಲಿಲ್ಲ ಅವನು.

ಆರು ವರ್ಷ ಕಳೆದು, 1965ರ ಏಪ್ರಿಲ್ ಸಂಚಿಕೆಯನ್ನ ಪತ್ರಿಕೆ ಅವೆಡಾನ್ ಕೈಗೆ ಒಪ್ಪಿಸಿತು. ಆಗ ಆರ್ಟ್ ಡೈರೆಕ್ಟರ್ ಕುರ್ಚಿಯಲ್ಲಿ ಇಬ್ಬರು ಹೆಂಗಸರು, ರೂತ್ ಆನ್ಸೆಲ್ ಮತ್ತು ಬಿಯಾ ಫೈಟ್ಲರ್. ಇಬ್ಬರಿಗೂ ಇನ್ನೂ ಮೂವತ್ತು ಆಗಿರಲಿಲ್ಲ. ಮುಖಪುಟಕ್ಕೆ ಮಾಡೆಲ್ ಜೀನ್ ಶ್ರಿಂಪ್ಟನ್, ಬಾಹ್ಯಾಕಾಶದ ಥೀಮು. ಫೋಟೋ ತೆಗೆದಾಯ್ತು, ಆದ್ರೆ ತಲೆಯ ಮೇಲಿದ್ದ ಟೋಪಿ ಒಪ್ಪಲಿಲ್ಲ. ಸಮಯ ಇಲ್ಲ. ಆನ್ಸೆಲ್ ಕಣ್ಣು ಕುಕ್ಕೋ ಗುಲಾಬಿ ಬಣ್ಣದ ಕಾಗದ ತಗೊಂಡು, ಹೆಲ್ಮೆಟ್ ಆಕಾರದಲ್ಲಿ ಕತ್ತರಿಸಿ, ಮುಖದ ಸುತ್ತ ಇಟ್ಟರು. ಫೋಟೋಶಾಪ್ ಹುಟ್ಟೋಕೆ ಇನ್ನೂ ಇಪ್ಪತ್ತು ವರ್ಷಕ್ಕೂ ಹೆಚ್ಚಿತ್ತು. ಕತ್ತರಿ, ಕಾಗದ, ಅಷ್ಟೇ. ಮುಖಪುಟದ ಕಣ್ಣು ಮಿಟುಕಿಸೋ ಹಾಗೂ ಒಂದು ತಂತ್ರ ಹಾಕಿದ್ರು. ಇವತ್ತಿಗೂ ವಿನ್ಯಾಸದ ತರಗತಿಗಳಲ್ಲಿ ತೋರಿಸೋ ಮುಖಪುಟ ಅದು.

ಅದೇ ಸಂಚಿಕೆಯೊಳಗೆ ಡೊನ್ಯಾಲ್ ಲೂನಾ ಅನ್ನೋ ಕಪ್ಪು ಮಾಡೆಲ್‌ನ ಫೋಟೋಗಳಿದ್ದವು. ಅಮೆರಿಕದ ದಕ್ಷಿಣ ರಾಜ್ಯಗಳ ಜಾಹೀರಾತುದಾರರು ಜಾಹೀರಾತು ವಾಪಸ್ ತಗೊಂಡ್ರು, ಓದುಗರು ಚಂದಾ ನಿಲ್ಲಿಸಿದ್ರು. ಕಾಮರ್ಸ್ ಓದಿದ ನನಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಒಂದು ಮುಖಕ್ಕೆ ಜಾಗ ಕೊಟ್ಟ ತೀರ್ಮಾನ ನೇರವಾಗಿ ಆದಾಯದ ಕಾಲಮ್ಮಿಗೆ ಹೊಡೆತ. ಅದಾದ ಸ್ವಲ್ಪ ಕಾಲಕ್ಕೇ ಅವೆಡಾನ್ ಬಜಾರ್ ಬಿಟ್ಟು ವೋಗ್ ಸೇರಿದ. ವ್ರೀಲ್ಯಾಂಡ್ ಅಲ್ಲಿಗೆ ಮೊದಲೇ ಹೋಗಿದ್ರು.

ವೋಗ್‌ನಲ್ಲಿ ವ್ರೀಲ್ಯಾಂಡ್ ಕನಸಿಗೆ ಕಡಿವಾಣವೇ ಇರಲಿಲ್ಲ. 1966ರಲ್ಲಿ ಅವೆಡಾನ್, ಮಾಡೆಲ್ ವೆರುಷ್ಕಾ, ಫ್ಯಾಷನ್ ಎಡಿಟರ್ ಪಾಲಿ ಮೆಲೆನ್ ಎಲ್ಲರನ್ನೂ ಪೆಟ್ಟಿಗೆಗಟ್ಟಲೆ ತುಪ್ಪಳದ ಕೋಟುಗಳ ಜೊತೆ ಜಪಾನಿನ ಹಿಮಕ್ಕೆ ವಾರಗಟ್ಟಲೆ ಕಳಿಸಿದ್ರು. 26 ಪುಟಗಳ ಕಥೆ. ಅದ್ಭುತ. ಆದ್ರೆ ಬಿಲ್ಲು ಯಾವತ್ತಾದ್ರೂ ಬಾಗಿಲು ಬಡಿಯುತ್ತೆ. ಜಾಹೀರಾತು ಇಳಿಯಿತು, 1971ರಲ್ಲಿ ವ್ರೀಲ್ಯಾಂಡ್‌ರನ್ನ ಕೆಲಸದಿಂದ ತೆಗೆದ್ರು. ಕನಸು ಕಾಣೋ ಲೀಡರ್‌ಗೂ ಎಕ್ಸೆಲ್ ಶೀಟ್ ಬೇಕು. ಇದನ್ನ ನಾನು ಸ್ವಲ್ಪ ಖುಷಿಯಿಂದಲೇ ಹೇಳ್ತಿದ್ದೀನಿ, ಕ್ಷಮಿಸಿ.

ಲೆಕ್ಕ ಮುಗಿಸುವಾಗ

ಈಗ ಪ್ರತಿ ಖಾತೆಯ ಕೊನೆಯ ಸಾಲು ನೋಡೋಣ.

ಮಾಡೆಲ್‌ಗಳನ್ನ ಓಡಿಸಿದ ಮುಂಕಾಚಿ 1963ರಲ್ಲಿ ತೀರಿಕೊಂಡ. ಆ ಹೊತ್ತಿಗೆ ಕೈಯಲ್ಲಿ ಕೆಲಸ ಇರಲಿಲ್ಲ, ದುಡ್ಡೂ ಇರಲಿಲ್ಲ. ಅವೆಡಾನ್ ಅವನ ಬಗ್ಗೆ ಶ್ರದ್ಧಾಂಜಲಿ ಬರೆದ. ತನ್ನ ಗುರುವಿನ ಖಾತೆಗೆ ಜಮಾ ಬರೆದ ಅನ್ನಿ. ಪಾಠ ಹೇಳಿದ ಬ್ರೊಡೊವಿಚ್ ಕುಡಿತಕ್ಕೆ ಬಿದ್ದು, 1971ರಲ್ಲಿ ಫ್ರಾನ್ಸಿನ ಸಣ್ಣ ಊರೊಂದರಲ್ಲಿ ತೀರಿಹೋದ.

ಡೊವಿಮಾ? ಅರವತ್ತರ ದಶಕದ ಶುರುವಿಗೇ ಮಾಡೆಲಿಂಗ್ ಬಿಟ್ಟಳು. ನಿಮಿಷಕ್ಕೊಂದು ಡಾಲರ್ ಗಳಿಸಿದ್ದವಳ ಕೈಯಲ್ಲಿ ಕೊನೆಗೆ ಹೆಚ್ಚೇನೂ ಉಳಿಯಲಿಲ್ಲ. ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನ ಒಂದು ಪಿಜ್ಜಾ ಅಂಗಡಿಯಲ್ಲಿ ಬಂದವರನ್ನ ಸ್ವಾಗತಿಸಿ ಟೇಬಲ್ ತೋರಿಸೋ ಕೆಲಸ ಮಾಡಿದಳು. 1990ರಲ್ಲಿ, 62ರ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಳು.

ಇಪ್ಪತ್ತು ವರ್ಷ ಮುಂದೆ ಬನ್ನಿ. 2010ರ ನವೆಂಬರ್, ಪ್ಯಾರಿಸ್ಸಿನಲ್ಲಿ ಹರಾಜು. ಆನೆ ಫೋಟೋದ, ಮನುಷ್ಯನಿಗಿಂತ ಎತ್ತರದ ಒಂದು ಪ್ರಿಂಟು 8,41,000 ಯೂರೋಗೆ ಹೋಯ್ತು. ಕೊಂಡವರು ಡಿಯೋರ್ ಸಂಸ್ಥೆಯವರು. ಅವರ ಮನೆಯ ಉಡುಗೆ ಅವರ ಮನೆಗೇ ವಾಪಸ್ ಬಂತು.

ಇಲ್ಲಿ ಯಾರನ್ನೂ ಕಳ್ಳರು ಅಂತ ನಾನು ಹೇಳ್ತಿಲ್ಲ. ಡೊವಿಮಾಗೆ ಆ ದಿನದ ಸಂಭಾವನೆ ಸಿಕ್ಕಿತ್ತು. ಕರಾರು ಹಾಗಿತ್ತು. ಲೆಕ್ಕದ ಪ್ರಕಾರ ಎಲ್ಲ ಟ್ಯಾಲಿ ಆಗಿದೆ. ಆದ್ರೆ ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಒಬ್ಬರು ಹೇಳ್ತಿದ್ರು, ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ಮಾತ್ರಕ್ಕೆ ತಪ್ಪಿಲ್ಲ ಅಂತ ಅರ್ಥ ಅಲ್ಲ, ಪೂರ್ತಿ ಬರೆಯದೇ ಬಿಟ್ಟ ವ್ಯವಹಾರ ಟ್ಯಾಲಿಯಲ್ಲಿ ಕಾಣಿಸಲ್ಲ ಅಂತ. ಕೆಂಗೇರಿಯ ಹುಡುಗಿಯ ಹೆಸರು ಹಾಗೇ ತಾನೇ ಆಗಿದ್ದು? ಪುಟ ನೋಡಿದವರಿಗೆ ಏನೂ ಕಡಿಮೆ ಕಾಣಿಸಲಿಲ್ಲ. ಕಡಿಮೆ ಆಗಿದ್ದು ಅವಳಿಗೆ ಮಾತ್ರ ಗೊತ್ತಿತ್ತು.

ಆದ್ರೆ ಒಂದು ಸಮಾಧಾನ ನೋಡಿ. ಫೋಟೋದ ಶೀರ್ಷಿಕೆ ಏನು? 'ಡೊವಿಮಾ ವಿತ್ ಎಲಿಫೆಂಟ್ಸ್'. ಮೊದಲ ಪದವೇ ಅವಳ ಹೆಸರು. ತನ್ನ ಮೂರು ಹೆಸರಿನ ತುಂಡುಗಳನ್ನ ಸೇರಿಸಿ ಕಟ್ಟಿದ ಹೆಸರು. ಅವಳು ಪಿಜ್ಜಾ ಅಂಗಡಿಯಲ್ಲಿ ಟೇಬಲ್ ತೋರಿಸ್ತಿದ್ದಾಗಲೂ ಆ ಹೆಸರು ಮ್ಯೂಸಿಯಂ ಗೋಡೆ ಮೇಲಿತ್ತು. ಅದಿಲ್ಲದಿದ್ರೆ ನಾನು ಬೆಂಗಳೂರಿನ ಒಂದು ರೂಮಿನಲ್ಲಿ ಕೂತು, ಎಪ್ಪತ್ತು ವರ್ಷದ ಮೇಲೆ, ನಿಮಗೆ ಅವಳ ಕಥೆ ಹೇಳೋಕೆ ಆಗ್ತಿತ್ತಾ? ಫೋಟೋದಲ್ಲಿರೋ ಆನೆಗಳನ್ನ ನೋಡಿಕೊಂಡ ಮಾವುತರ ಹೆಸರು ಅದರಲ್ಲಿಲ್ಲ. ಆ ಉದ್ದದ ಬಿಳಿ ಪಟ್ಟಿ ಹೊಲಿದವರ ಹೆಸರೂ ಇಲ್ಲ. ಅವರ ಕಥೆ ನಾನು ಹೇಳಲಾರೆ.

ಒಂದು ಸಾಲಿನ ಕ್ರೆಡಿಟ್ ಮಾಡೋ ಕೆಲಸ ಅದು. ದುಡ್ಡು ಕೊಡಲ್ಲ, ನಿಜ. ಆದ್ರೆ ಮುಂದೊಂದು ದಿನ ಯಾರಾದ್ರೂ ಹುಡುಕಿಕೊಂಡು ಬಂದ್ರೆ, ಬಾಗಿಲು ಎಲ್ಲಿದೆ ಅಂತ ಹೇಳುತ್ತೆ. ಮೇಕಪ್ ಹುಡುಗಿಗೆ ಅದು ಮುಂದಿನ ಕೆಲಸ, ಮುಂದಿನ ಅಡ್ವಾನ್ಸು.

ಆವತ್ತು ರಾತ್ರಿಯೇ ಆ ಮ್ಯಾಗಜೀನಿಗೆ ಬರೆದೆ. ಎರಡು ದಿನ ಬಿಟ್ಟು ಅವಳ ಹೆಸರು ಸೇರಿಸಿದ್ರು. ಆ ಹೊತ್ತಿಗೆ ನೋಡಬೇಕಾದವರೆಲ್ಲ ನೋಡಿ ಮುಂದೆ ಹೋಗಿದ್ರು. ಅವಳು "ಪರ್ವಾಗಿಲ್ಲ ಅಕ್ಕಾ" ಅಂದಳು. ಪರ್ವಾಗಿಲ್ಲ ಅನ್ನೋದಕ್ಕೆ ನಮ್ಮ ಭಾಷೆಯಲ್ಲಿ ಎಷ್ಟು ಅರ್ಥ ಇದೆ ಅಂತ ನಿಮಗೂ ಗೊತ್ತು.

ಆಮೇಲೆ ನಾನು ಇನ್ನೆರಡು ಸಣ್ಣ ಶೂಟ್ ನಡೆಸಿದ್ದೀನಿ. ಈಗ ಬೆಳಗ್ಗೆ ಎಲ್ಲರಿಗೂ ಟೀ ಬರೋಕೆ ಮುಂಚೆ ಒಂದು ಕೆಲಸ. ಎಕ್ಸೆಲ್ ಶೀಟ್ ತೆಗೆದು, ಬಂದವರೆಲ್ಲರ ಹೆಸರನ್ನ ಅವರವರ ಕೈಯಲ್ಲೇ ಟೈಪ್ ಮಾಡಿಸ್ತೀನಿ. ಸ್ಪೆಲಿಂಗ್ ತಪ್ಪಾಗಬಾರದಲ್ಲ. ಇಸ್ತ್ರಿ ಮಾಡಿಕೊಡೋ ಅಣ್ಣನದೂ ಸೇರಿ. ಮೊದಲ ಸಲ ಅವರಿಗೆ ಫೋನ್ ಕೊಟ್ಟಾಗ, "ನಂದ್ಯಾಕೆ ಮೇಡಂ?" ಅಂದ್ರು. ಸೀರೆಯ ನೆರಿಗೆ ನಿಂತಿರೋದೇ ನಿಮ್ಮಿಂದ ಅಲ್ವಾ ಅಂದೆ. ನಿಧಾನಕ್ಕೆ, ಒಂದೇ ಬೆರಳಲ್ಲಿ, ತಂದೆಯ ಹೆಸರಿನ ಇನಿಷಿಯಲ್ ಸಮೇತ ಟೈಪ್ ಮಾಡಿದ್ರು.

ಸೆರಗು ತಿರುಗಿದ್ರೆ ಈಗ ಕೂಗಲ್ಲ. ಎದ್ದು ಹೋಗಿ ಸರಿ ಮಾಡ್ತೀನಿ.

ನೀವೂ ಯಾವುದಾದ್ರೂ ಟೀಮ್ ನಡೆಸ್ತಿರಬಹುದು. ಕಾಲೇಜ್ ಫೆಸ್ಟ್, ಶಾರ್ಟ್ ಫಿಲ್ಮ್, ಮದುವೆ ಶೂಟ್, ಆಫೀಸಿನ ಪ್ರೆಸೆಂಟೇಷನ್. ಹೆಸರು ಬಿಟ್ಟುಹೋದ ಒಬ್ಬರು ನಿಮಗೂ ನೆನಪಾಗಿದ್ರೆ, ಈ ಸಂಚಿಕೆ ಮುಗಿದ ಮೇಲೆ ಅವರಿಗೊಂದು ಫೋನ್ ಮಾಡಿ. ಮುಂದಿನ ವಾರ ಸಿಗೋಣ. ನಮಸ್ಕಾರ.